ಚಾರ್ಲಿ ಗೋರ್ಡನ್ ಕೆಲಸ: ವಿಜ್ಞಾನ ಕಥೆಯಲ್ಲಿ ಪಾತ್ರ ಮತ್ತು ಆಶಯ

(ಸಾಹಿತ್ಯ ಓದುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಅವು ಹೊಂದುವ ಜಾಗದಲ್ಲಿ ಸೇರಿಸಿದ್ದೇನೆ.)

ವಿಜ್ಞಾನ ಕಥೆಯೊಂದನ್ನು ಓದಿ ಮುಗಿಸಿದವರನ್ನು "ಕಥೆ ಯಾವುದರ ಬಗ್ಗೆ?" ಎಂದು ಕೇಳಿ ನೋಡಿ. "ಕಾಲಯಂತ್ರದ ಬಗ್ಗೆ" ಎನ್ನುತ್ತಾರೆ. ಇಲ್ಲವೇ "ಒಂದು ರೋಬೋಟ್ ಬಗ್ಗೆ", "ಬೇರೆ ಗ್ರಹದ ಬಗ್ಗೆ" ಎನ್ನುತ್ತಾರೆ. ಬೇರೆ ಕಥೆಗಳಿಗೆ ನಾವು ಹೀಗೆ ಮಾಡುವುದಿಲ್ಲ. ಗಂಡ ಹೆಂಡತಿ ಕಾರಿನಲ್ಲಿ ಕೂತು ಜಗಳವಾಡುವ ಕಥೆಯನ್ನು ಯಾರೂ ಕಾರಿನ ಕಥೆ ಎನ್ನುವುದಿಲ್ಲ, ಅಲ್ವಾ?

ಇದರಲ್ಲಿ ನಮ್ಮ ಭಾಷೆಯ ತಂಟೆಯೂ ಸ್ವಲ್ಪ ಇದೆ. ಕಥೆಯ 'ವಸ್ತು' ಏನು ಎಂದು ಕೇಳುತ್ತೇವೆ. ಮೇಜಿನ ಮೇಲಿರುವ ಸಾಮಾನನ್ನೂ ವಸ್ತು ಎಂದೇ ಕರೆಯುತ್ತೇವೆ. ಹಾಗಾಗಿ ವಿಜ್ಞಾನ ಕಥೆಯಲ್ಲಿ ಹೊಳೆಯುವ ಯಂತ್ರ ಕಂಡ ಕೂಡಲೇ ವಸ್ತು ಸಿಕ್ಕಿತು ಎಂದು ಕೈ ತೊಳೆದುಕೊಳ್ಳುತ್ತೇವೆ. ವಿಮರ್ಶೆಯಲ್ಲಿ ಇನ್ನೊಂದು ಮಾತಿದೆ, 'ಆಶಯ'. ಕಥೆ ಯಾವುದನ್ನು ಹಿಡಿದುಕೊಂಡಿದೆ ಎಂಬುದು ವಸ್ತು. ಹಿಡಿದುಕೊಂಡು ಏನನ್ನು ತಡಕಾಡುತ್ತಿದೆ ಎಂಬುದು ಆಶಯ. ಇವತ್ತು ನಾನು ಮಾತಾಡುವುದು ಈ ಎರಡನೆಯದರ ಬಗ್ಗೆ. ಅದನ್ನು ಹುಡುಕಲು ಪಾತ್ರದ ಬೆನ್ನು ಹತ್ತುವುದಕ್ಕಿಂತ ಒಳ್ಳೆಯ ದಾರಿ ನನಗಂತೂ ಸಿಕ್ಕಿಲ್ಲ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಪರೀಕ್ಷೆಯಲ್ಲಿ "ವಿಜ್ಞಾನ ಎರಡಲಗಿನ ಕತ್ತಿ ಎಂಬುದೇ ಈ ಕಥೆಯ ಆಶಯ" ಎಂದು ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಈಗ ಅದು ಯಾವ ಕಥೆ ಎಂಬುದೇ ನೆನಪಿಲ್ಲ. ನೆನಪಿರುವುದಾದರೂ ಹೇಗೆ? ಆ ವಾಕ್ಯ ಯಾವ ವಿಜ್ಞಾನ ಕಥೆಗಾದರೂ ಹೊಂದುತ್ತದೆ. ಎಲ್ಲ ಬೀಗಕ್ಕೂ ಹೊಂದುವ ಕೀಲಿ ಸಿಕ್ಕಿದರೆ ಬೀಗಗಳ ಬಗ್ಗೆ ನಮಗೇನೂ ತಿಳಿದಂತಾಗಲಿಲ್ಲ.

ವಿಜ್ಞಾನ ಕಥೆಗಾರ ಸಾಮಾನ್ಯವಾಗಿ ನಮ್ಮ ಲೋಕದ ಒಂದು ನಿಯಮವನ್ನು ಬದಲಿಸುತ್ತಾನೆ. ಸಾವಿಲ್ಲದ ಜನ, ಮನಸ್ಸು ಓದುವ ಯಂತ್ರ, ಹೀಗೆ ಏನಾದರೂ ಒಂದು. ವಿಮರ್ಶಕ ಡಾರ್ಕೊ ಸುವಿನ್ 1970ರ ದಶಕದಲ್ಲಿ ಇದಕ್ಕೆ 'ನೋವಮ್' ಎಂದು ಹೆಸರಿಟ್ಟರು. ಹೊಸದು ಎಂಬ ಅರ್ಥದ ಲ್ಯಾಟಿನ್ ಪದ ಅದು. ನಾನು ಸುಮ್ನೆ 'ಹೊಸ ನಿಯಮ' ಎನ್ನುತ್ತೇನೆ. ಸಣ್ಣ ಕಥೆಯಲ್ಲಿ ಜಾಗ ಕಡಿಮೆ. ಅಲ್ಲಿ ಒಂದೇ ಒಂದು ಹೊಸ ನಿಯಮ ಇದ್ದರೆ ಕಥೆ ಗಟ್ಟಿಯಾಗಿರುತ್ತದೆ. ಆ ನಿಯಮ ಯಾರ ಮೈಮೇಲೆ ಬಿತ್ತು? ಬಿದ್ದಾಗ ಆ ಮನುಷ್ಯ ಏನನ್ನು ಕಳೆದುಕೊಂಡ, ಏನನ್ನು ಬಿಡದೆ ಹಿಡಿದುಕೊಂಡ? ನಾನು ಕೇಳುವ ಪ್ರಶ್ನೆಗಳು ಇಷ್ಟೇ. ಉತ್ತರ ಹೇಳಲು ಒಂದು ಕಥೆಯನ್ನು ನಿಧಾನವಾಗಿ ಬಿಚ್ಚಬೇಕು.

ಅದಕ್ಕೆ ನಾನು ಆರಿಸಿಕೊಂಡಿದ್ದು ಡೇನಿಯಲ್ ಕೀಸ್ ಬರೆದ 'ಫ್ಲವರ್ಸ್ ಫಾರ್ ಆಲ್ಜರ್ನಾನ್'. 1959ರ ಏಪ್ರಿಲ್‌ನಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಸಣ್ಣ ಕಥೆಯಾಗಿ ಬಂತು. 1960ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. 1966ರಲ್ಲಿ ಕೀಸ್ ಅದನ್ನೇ ಕಾದಂಬರಿಯಾಗಿ ಬೆಳೆಸಿದರು. ನಾನು ಹೇಳುತ್ತಿರುವುದು ಸಣ್ಣ ಕಥೆಯ ಬಗ್ಗೆ ಮಾತ್ರ. ಕಾದಂಬರಿ ಓದಿದವರು ಎರಡನ್ನೂ ಬೆರೆಸಬೇಡಿ. ಚಾರ್ಲಿ ಕೆಲಸ ಮಾಡುವ ಜಾಗವೇ ಎರಡರಲ್ಲೂ ಬೇರೆ ಬೇರೆ.

ಕಥೆ ಇಷ್ಟು. ಚಾರ್ಲಿ ಗೋರ್ಡನ್‌ಗೆ 37 ವರ್ಷ. ಬುದ್ಧಿಮತ್ತೆಯ ಅಂಕ (ಐಕ್ಯೂ) 68, ಅಂದರೆ ಸಾಮಾನ್ಯಕ್ಕಿಂತ ತುಂಬಾ ಕಡಿಮೆ. ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ. ಸಂಜೆ ಮಿಸ್ ಕಿನಿಯನ್ ಎಂಬ ಟೀಚರ್ ಹತ್ತಿರ ಓದು ಬರಹ ಕಲಿಯುತ್ತಾನೆ. ನೆಮುರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಡಾಕ್ಟರುಗಳು ಬುದ್ಧಿಯನ್ನು ಮೂರು ಪಟ್ಟು ಹೆಚ್ಚಿಸುವ ಶಸ್ತ್ರಚಿಕಿತ್ಸೆಯೊಂದನ್ನು ಕಂಡುಹಿಡಿದಿದ್ದಾರೆ. ಆಲ್ಜರ್ನಾನ್ ಎಂಬ ಇಲಿಯ ಮೇಲೆ ಅದು ಗೆದ್ದಿದೆ. ಈಗ ಮನುಷ್ಯನ ಸರದಿ. ಚಾರ್ಲಿ ಜಾಣನಾಗುತ್ತಾನೆ, ಡಾಕ್ಟರುಗಳನ್ನೇ ಮೀರಿಸುತ್ತಾನೆ. ಅಷ್ಟರಲ್ಲಿ ಇಲಿ ಮಂಕಾಗತೊಡಗುತ್ತದೆ. ತನಗೂ ಹಾಗೇ ಆಗುತ್ತದೆ ಎಂದು ಚಾರ್ಲಿಯೇ ಸಂಶೋಧನೆ ಮಾಡಿ ಕಂಡುಕೊಳ್ಳುತ್ತಾನೆ. ಬುದ್ಧಿ ಎಷ್ಟು ಏರಿತೋ ಅಷ್ಟೇ ವೇಗವಾಗಿ ಇಳಿಯುತ್ತದೆ ಎಂಬುದು ಅವನು ಕಂಡುಹಿಡಿದ ಸೂತ್ರ. ಕಥೆಯ ನಿಜವಾದ ಹೊಸ ನಿಯಮ ಅದೇ. ಶಸ್ತ್ರಚಿಕಿತ್ಸೆ ಬರೀ ಬಾಗಿಲು.

ಇಡೀ ಕಥೆ ಚಾರ್ಲಿ ಬರೆದ ವರದಿಗಳ ರೂಪದಲ್ಲಿದೆ. ಮೊದಲ ವರದಿಗಳಲ್ಲಿ ಕಾಗುಣಿತ ಪೂರ್ತಿ ಎಡವಟ್ಟು. ಕನ್ನಡದಲ್ಲಿ ಆಗಿದ್ದರೆ 'ಪ್ರಗತಿ ವರದಿ' ಎನ್ನುವಲ್ಲಿ 'ಪರ್ಗತಿ ವರ್ದಿ' ಎಂದು ಇರುತ್ತಿತ್ತು ಅಂದುಕೊಳ್ಳಿ. ಆಮೇಲೆ ಮೆಲ್ಲಗೆ ಕಾಗುಣಿತ ಸರಿಹೋಗುತ್ತದೆ. ಅಲ್ಪವಿರಾಮ ಕಲಿತ ದಿನ ಅಲ್ಪವಿರಾಮಗಳನ್ನು ಎಲ್ಲೆಂದರಲ್ಲಿ ಚೆಲ್ಲುತ್ತಾನೆ. ಆಮೇಲೆ ವಾಕ್ಯ ಉದ್ದವಾಗುತ್ತದೆ. ಮಾತು ಬಿಗಿಯಾಗುತ್ತದೆ, ತಣ್ಣಗಾಗುತ್ತದೆ. ಕೊನೆಯಲ್ಲಿ ಒಂದೊಂದೇ ಕಳಚಿಕೊಂಡು ಮತ್ತೆ ಮೊದಲ ಕಾಗುಣಿತಕ್ಕೆ ಬಂದು ನಿಲ್ಲುತ್ತದೆ.

ಇದನ್ನು ಎಲ್ಲರೂ ಗಮನಿಸುತ್ತಾರೆ. "ಭಾಷೆಯ ಮೂಲಕ ಪಾತ್ರದ ಬೆಳವಣಿಗೆ ತೋರಿಸಿದ್ದಾರೆ" ಎಂದು ಬರೆದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ. ಇಲ್ಲಿ ಚಾರ್ಲಿ ಮಾತ್ರ ಚಲಿಸುತ್ತಿಲ್ಲ. ಓದುತ್ತಿರುವ ನಾವೂ ಜಾಗ ಬದಲಿಸುತ್ತಿದ್ದೇವೆ.

ಮೊದಲ ವರದಿಗಳನ್ನು ಓದುವಾಗ ನಾವು ಚಾರ್ಲಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತೇವೆ. ಕಾರ್ಖಾನೆಯ ಜೋ ಕಾರ್ಪ್, ಫ್ರಾಂಕ್ ರೈಲಿ ತನ್ನ ಆಪ್ತ ಗೆಳೆಯರು ಎಂದು ಅವನು ಬರೆಯುತ್ತಾನೆ. ಅವರು ಗೇಲಿ ಮಾಡುತ್ತಿದ್ದಾರೆ ಎಂದು ನಮಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಶಾಯಿಯ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ಪರೀಕ್ಷೆಯಲ್ಲಿ ಅವನು ಪ್ರಾಮಾಣಿಕವಾಗಿ ಶಾಯಿಯ ಕಲೆ ಎನ್ನುತ್ತಾನೆ. ನಮಗೆ ನಗು ಬರುತ್ತದೆ. ನಿಜ ಹೇಳಿ, ಬರುತ್ತದೆ. ಕಥೆ ಅರ್ಧಕ್ಕೆ ಬರುವಾಗ ಅವನು ನಮ್ಮ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ. ಇನ್ನೂ ಸ್ವಲ್ಪ ಮುಂದೆ ಅವನು ಓದುವ ಪುಸ್ತಕಗಳು, ಆಡುವ ಮಾತು ನಮ್ಮ ಕೈಗೆ ಎಟಕುವುದಿಲ್ಲ. ಈಗ ಕೆಳಗಿನ ಮೆಟ್ಟಿಲಲ್ಲಿ ಇರುವವರು ನಾವು. ಸ್ವಲ್ಪ ಕಿರಿಕಿರಿಯೂ ಆಗುತ್ತದೆ. ಆಮೇಲೆ ಅವನು ಇಳಿಯುತ್ತಾನೆ. ಕೊನೆಯ ಪುಟದಲ್ಲಿ ನಾವು ಮತ್ತೆ ಮೇಲಿದ್ದೇವೆ. ಕಾಗುಣಿತದ ತಪ್ಪುಗಳೂ ಅವೇ. ನಗು ಮಾತ್ರ ಬರುವುದಿಲ್ಲ.

ಯಾಕೆ ಬರುವುದಿಲ್ಲ? ಚಾರ್ಲಿಯ ಬುದ್ಧಿ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದಿದೆ. ನಾವು ಬಂದಿಲ್ಲ. ಅದೇ ಮನುಷ್ಯ ನಮಗಿಂತ ಮೇಲೆ ನಿಂತಿದ್ದನ್ನು ಒಮ್ಮೆ ನೋಡಿಬಿಟ್ಟಿದ್ದೇವೆ. ಕಥೆಯ ಆಶಯ ಎಲ್ಲಿದೆ ಎಂದು ನನ್ನನ್ನು ಕೇಳಿದರೆ ಆ ಬಾರದ ನಗುವನ್ನೇ ತೋರಿಸುತ್ತೇನೆ. ಒಬ್ಬ ಮನುಷ್ಯನಿಗೆ ಬೆಲೆ ಕೊಡಲು ನಮಗೆ ಅವನ ಬುದ್ಧಿಯ ಪುರಾವೆ ಬೇಕಾಗುತ್ತದಲ್ಲ, ಯಾಕೆ? ಕಥೆ ಈ ಪ್ರಶ್ನೆಯನ್ನು ಎಲ್ಲೂ ಬಾಯಿಬಿಟ್ಟು ಕೇಳುವುದಿಲ್ಲ. ನಮ್ಮನ್ನು ಮೆಟ್ಟಿಲು ಹತ್ತಿಸಿ ಇಳಿಸುತ್ತದೆ ಅಷ್ಟೇ.

ಇದೇ ಪ್ರಶ್ನೆ ಪಾತ್ರಕ್ಕೂ ಎದುರಾಗುತ್ತದೆ. ಜಾಣನಾದ ಚಾರ್ಲಿ ಒಂದು ಹೋಟೆಲಿನಲ್ಲಿ ಕೂತಿದ್ದಾನೆ. ಪಾತ್ರೆ ತೊಳೆಯುವ ಹುಡುಗನೊಬ್ಬ ಪಿಂಗಾಣಿಗಳನ್ನು ಬೀಳಿಸಿ ಒಡೆಯುತ್ತಾನೆ. ಜನ ನಗುತ್ತಾರೆ. ಆ ಹುಡುಗ ತಾನು ಮೊದಲು ಇದ್ದ ಹಾಗೇ ಇದ್ದಾನೆ ಎಂದು ಹೊಳೆಯುವ ಮುಂಚೆ ಚಾರ್ಲಿಯೂ ನಕ್ಕುಬಿಟ್ಟಿರುತ್ತಾನೆ. ಆಮೇಲೆ ಎದ್ದು ನಿಂತು ಕೂಗಾಡುತ್ತಾನೆ. ವಿಶ್ಲೇಷಣೆ ಬರೆಯುವವರು ಸಾಮಾನ್ಯವಾಗಿ ಆ ಕೂಗಾಟವನ್ನು ಎತ್ತಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅದರ ಹಿಂದಿನ ಒಂದು ಕ್ಷಣದ ನಗು. ಅವನ ಬುದ್ಧಿ ಅಷ್ಟು ಬೆಳೆದಿತ್ತು, ಆದರೂ ನಗು ಬಂತು. ಬುದ್ಧಿ ಬೆಳೆದರೆ ಕರುಣೆಯೂ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಗೆ ಕಥೆ ಅಲ್ಲಿ ಒಂದು ಪೆಟ್ಟು ಕೊಡುತ್ತದೆ.

ಹಾಗೆಂದು "ಬುದ್ಧಿಗಿಂತ ಹೃದಯ ದೊಡ್ಡದು" ಎಂದು ಬರೆದುಬಿಟ್ಟರೆ ಮತ್ತೆ ಎಲ್ಲ ಬೀಗದ ಕೀಲಿ ಕೈಗೆ ಬಂತು. ಕಥೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಚಾರ್ಲಿ ಜಾಣನಾದಾಗ ಕಾರ್ಖಾನೆಯ ಜನ ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಅರ್ಜಿ ಕೊಡುತ್ತಾರೆ. 840 ಜನರ ಸಹಿ. ಸಹಿ ಹಾಕದವಳು ಫ್ಯಾನಿ ಗರ್ಡನ್ ಒಬ್ಬಳೇ. ಅವಳಾದರೂ ಅವನ ಪರವಾಗಿದ್ದಾಳಾ? ಇಲ್ಲ. ಆದಾಮ ಈವರು ಜ್ಞಾನದ ಮರದ ಹಣ್ಣು ತಿಂದ ಬೈಬಲ್ ಕಥೆಯನ್ನು ನೆನಪಿಸಿ, ನೀನು ಮೊದಲಿನ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ದಡ್ಡನಾಗಿದ್ದಾಗ ನಕ್ಕರು, ಜಾಣನಾದಾಗ ಹೊರಹಾಕಿದರು. ಅವರಿಗೆ ಬೇಕಾಗಿದ್ದು ತಮಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವ ಒಬ್ಬ. ಆ ಜಾಗ ಖಾಲಿಯಾದದ್ದೇ ಅವರಿಗೆ ಕಷ್ಟವಾಯಿತು.

ಸಣ್ಣ ಪಾತ್ರಗಳನ್ನು ಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಫ್ಯಾನಿಗೆ ಕಥೆಯಲ್ಲಿ ಸಿಗುವುದು ಕೆಲವೇ ಸಾಲು. ಅವಳ ಬಾಯಿಂದ ಬರುವ ಬೈಬಲ್ ಕಥೆ ಮಾತ್ರ ಇಡೀ ಕಥೆಯ ಮೇಲೆ ನೆರಳು ಹಾಸುತ್ತದೆ. ಹಣ್ಣು ತಿಂದ ಮೇಲೆ ಆದಾಮ ಈವರಿಗೆ ತಾವು ಬೆತ್ತಲೆ ಎಂದು ತಿಳಿಯಿತು, ನಾಚಿಕೆಯಾಯಿತು. ಚಾರ್ಲಿಗೂ ಜ್ಞಾನದ ಜೊತೆ ಮೊದಲು ಬಂದದ್ದು ನಾಚಿಕೆ.

ನಾಚಿಕೆ ಎಂದಾಗ ಒಂದು ಮಾತು ನೆನಪಾಗುತ್ತದೆ. ಕಾರ್ಖಾನೆಯಲ್ಲಿ ಯಾರಾದರೂ ಎಡವಟ್ಟು ಮಾಡಿದರೆ "ಚಾರ್ಲಿ ಗೋರ್ಡನ್ ಕೆಲಸ ಮಾಡಿದ" ಎಂಬ ಅರ್ಥದ ಮಾತಾಡಿ ನಗುತ್ತಾರೆ. ಶುರುವಿನಲ್ಲಿ ಚಾರ್ಲಿ ಅದನ್ನು ಕೇಳಿಸಿಕೊಂಡು, ಯಾಕೆ ಹಾಗೆ ಅನ್ನುತ್ತಾರೋ ಗೊತ್ತಿಲ್ಲ, ಆದರೆ ಎಲ್ಲರೂ ನಗುತ್ತಾರೆ ಎಂದು ಬರೆಯುತ್ತಾನೆ. ಒಂದಿಷ್ಟು ಜಾಣನಾದ ಮೇಲೆ ಒಂದು ಪಾರ್ಟಿಯಲ್ಲಿ ಅವನನ್ನು ಕುಣಿಸಿ, ಕಾಲು ಅಡ್ಡ ಕೊಟ್ಟು ಬೀಳಿಸಿ ನಗುತ್ತಾರೆ. ಅಲ್ಲಿ ಆ ಮಾತಿನ ಅರ್ಥ ಅವನಿಗೆ ಹೊಳೆಯುತ್ತದೆ. ನಾಚಿಕೆಯಾಗುತ್ತಿದೆ ಎಂದು ಬರೆದುಕೊಳ್ಳುತ್ತಾನೆ. ಈ ಮಾತು ಇನ್ನೊಮ್ಮೆ ಬರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಕಥೆಯಲ್ಲಿ ಒಂದು ಮಾತು ಎರಡನೇ ಸಲ ಕಂಡರೆ ಪೆನ್ಸಿಲ್ ಎತ್ತಿಕೊಳ್ಳಿ. ಸಣ್ಣ ಕಥೆಗಾರ ಜಿಪುಣ. ಸುಮ್ನೆ ಎರಡು ಸಲ ಖರ್ಚು ಮಾಡುವುದಿಲ್ಲ.

ಆಶಯ ಸಿಕ್ಕಿತೋ ಇಲ್ಲವೋ ಎಂದು ನೋಡಲು ನಾನು ಬಳಸುವ ಇನ್ನೊಂದು ಉಪಾಯವಿದೆ. ಕೊನೆಯನ್ನು ಬದಲಿಸಿ ನೋಡುವುದು. ಈ ಕಥೆಯ ವಿಷಯದಲ್ಲಿ ಅದು ನಿಜವಾಗಿಯೂ ನಡೆಯುವುದರಲ್ಲಿತ್ತು. 'ಗ್ಯಾಲಕ್ಸಿ' ಪತ್ರಿಕೆಯ ಸಂಪಾದಕ ಹೊರೇಸ್ ಗೋಲ್ಡ್ ಕಥೆ ಓದಿ, ಚಾರ್ಲಿ ಜಾಣನಾಗಿಯೇ ಉಳಿಯಲಿ, ಮಿಸ್ ಕಿನಿಯನ್‌ಳನ್ನು ಮದುವೆಯಾಗಲಿ ಎಂದು ಸೂಚಿಸಿದ್ದರು. ಕೀಸ್ ಒಪ್ಪಲಿಲ್ಲ. ಕಥೆ ಬೇರೆ ಪತ್ರಿಕೆಗೆ ಹೋಯಿತು. ಗೋಲ್ಡ್ ಹೇಳಿದ ಹಾಗೆ ಆಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಚಾರ್ಲಿ ಗೆಲ್ಲುತ್ತಿದ್ದ, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಆದರೆ ಜಾಣನಾದದ್ದಕ್ಕೇ ಅವನಿಗೆ ಗೌರವ ಸಿಕ್ಕಿತು ಎಂಬಂತಾಗುತ್ತಿತ್ತು. ಕಥೆ ಯಾವುದನ್ನು ಪ್ರಶ್ನಿಸುತ್ತಿತ್ತೋ ಅದಕ್ಕೇ ಕೊನೆಯಲ್ಲಿ ಸಹಿ ಹಾಕುತ್ತಿತ್ತು. ಕೊನೆ ಬದಲಾದ ಕೂಡಲೇ ಕಥೆಯ ಅರ್ಥ ಉಲ್ಟಾ ಆಗುತ್ತದೆ ಎಂದರೆ ನೀವು ಸರಿಯಾದ ಕಡೆ ಅಗೆಯುತ್ತಿದ್ದೀರಿ.

ಕೀಸ್‌ಗೆ ಈ ಕಥೆಯ ಎಳೆ ಸಿಕ್ಕಿದ್ದು ಯಂತ್ರದಿಂದಲ್ಲ, ತರಗತಿಯಿಂದ. ಕಲಿಕೆಯಲ್ಲಿ ಹಿಂದಿದ್ದ ಮಕ್ಕಳಿಗೆ ಅವರು ಪಾಠ ಮಾಡುತ್ತಿದ್ದರು. ಒಬ್ಬ ಹುಡುಗ ಬಂದು, ನಾನು ಕಷ್ಟಪಟ್ಟು ಓದಿ ಜಾಣನಾದರೆ ನನ್ನನ್ನು ಎಲ್ಲರ ತರಗತಿಗೆ ಹಾಕುತ್ತೀರಾ ಎಂದು ಕೇಳಿದನಂತೆ. ಕಥೆಯ ಚಾರ್ಲಿಗೂ ಬೇಕಾಗಿದ್ದು ಅದೇ. ಬುದ್ಧಿ ಅವನಿಗೆ ಗುರಿಯಲ್ಲ, ಎಲ್ಲರ ಜೊತೆ ಕೂರಲು ಬೇಕಾದ ಚೀಟಿ. ಪಾತ್ರವನ್ನು ನೋಡುವಾಗ ಏನು ಬದಲಾಯಿತು ಎಂದು ಎಲ್ಲರೂ ಪಟ್ಟಿ ಮಾಡುತ್ತಾರೆ. ಏನು ಬದಲಾಗಲಿಲ್ಲ ಎಂದೂ ಕೇಳಿ. ಮೊದಲ ವರದಿಯಿಂದ ಕೊನೆಯ ವರದಿಯವರೆಗೆ ಚಾರ್ಲಿಗೆ ಜೊತೆ ಬೇಕು. ಅದೊಂದು ಮಾತ್ರ ಇಳಿಯಲಿಲ್ಲ, ಏರಲಿಲ್ಲ.

ಕನ್ನಡದಲ್ಲಿ 'ಪಾತ್ರ' ಎಂದರೆ ನದಿ ಹರಿಯುವ ಜಾಗವೂ ಹೌದು. ನನಗೆ ಈ ಅರ್ಥ ಇಷ್ಟ. ನೀರು ಪಾತ್ರವನ್ನು ಕೊರೆಯುತ್ತದೆ, ಪಾತ್ರ ನೀರಿಗೆ ದಾರಿ ತೋರಿಸುತ್ತದೆ. ಆಶಯ ನೀರು ಎಂದುಕೊಂಡರೆ ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಬರೆಯುವುದು ಯಾಕೆ ಕಷ್ಟ ಎಂದು ಗೊತ್ತಾಗುತ್ತದೆ.

ಈಗ ಎರಡನೇ ಕಥೆ. ಇದರ ಜೊತೆ ನನಗೆ ಜಗಳವಿದೆ. ಟಾಮ್ ಗಾಡ್ವಿನ್ ಬರೆದ 'ದ ಕೋಲ್ಡ್ ಈಕ್ವೇಷನ್ಸ್', 1954ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಂತು. ಒಂದು ಪುಟ್ಟ ಅಂತರಿಕ್ಷ ನೌಕೆ ಜ್ವರಕ್ಕೆ ಔಷಧಿ ಹೊತ್ತು ದೂರದ ಗ್ರಹಕ್ಕೆ ಹೊರಟಿದೆ. ಇಂಧನ ಅಳೆದು ಹಾಕಿದ್ದಾರೆ. ಒಬ್ಬ ಪೈಲಟ್‌ಗೆ ಸಾಕಾಗುವಷ್ಟೇ. ಒಳಗೆ 18 ವರ್ಷದ ಹುಡುಗಿ ಮರಿಲಿನ್ ಅಡಗಿ ಕೂತಿದ್ದಾಳೆ. ಅಣ್ಣನನ್ನು ನೋಡುವ ಆಸೆ ಅವಳದು. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎಂದುಕೊಂಡಿದ್ದಾಳೆ. ಅವಳ ತೂಕ ಸೇರಿದರೆ ನೌಕೆ ಇಳಿಯಲಾರದು, ಔಷಧಿಗೆ ಕಾದಿರುವವರೂ ಸಾಯುತ್ತಾರೆ. ಅವಳನ್ನು ಹೊರಗೆ ಹಾಕಲೇಬೇಕು. ಹಾಕುತ್ತಾರೆ.

ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಈ ಕಥೆಯನ್ನು ಹಲವು ಸಲ ವಾಪಸ್ ಕಳಿಸಿದ್ದರು. ಗಾಡ್ವಿನ್ ಪ್ರತಿ ಸಲವೂ ಹುಡುಗಿಯನ್ನು ಉಳಿಸಲು ಏನಾದರೂ ಉಪಾಯ ಹುಡುಕಿ ತರುತ್ತಿದ್ದರಂತೆ. ಉಳಿಸಬೇಡಿ ಎಂಬುದೇ ಸಂಪಾದಕರ ಹಟ. ಒಂದು ಕಥೆಯಲ್ಲಿ ಸಂಪಾದಕ ಸುಖಾಂತ ಕೇಳಿ ಸೋತರು, ಇನ್ನೊಂದರಲ್ಲಿ ದುಃಖಾಂತ ಕೇಳಿ ಗೆದ್ದರು. ಎರಡೂ ಕಡೆ ಜಗಳ ನಡೆದದ್ದು ಕೊನೆಯ ಪುಟದಲ್ಲೇ.

ಕಥೆ ತನ್ನ ಆಶಯವನ್ನು ತಾನೇ ಗಟ್ಟಿಯಾಗಿ ಹೇಳುತ್ತದೆ. ಪ್ರಕೃತಿಯ ನಿಯಮಕ್ಕೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಲೆಕ್ಕ ಲೆಕ್ಕವೇ. ಕಥೆಯೇ ಹೇಳಿದ ಆಶಯವನ್ನು ಹಾಗೇ ಉತ್ತರ ಪತ್ರಿಕೆಗೆ ಇಳಿಸುವುದು ಸುಲಭ. ಆದರೆ ಆಗಲೇ ಅನುಮಾನ ಪಡಬೇಕು. ಪಾತ್ರಗಳನ್ನು ಕೇಳಿ ನೋಡಿ, ಅವೂ ಅದನ್ನೇ ಹೇಳುತ್ತವೆಯಾ?

ಪೈಲಟ್ ಬಾರ್ಟನ್‌ನನ್ನು ತೆಗೆದುಕೊಳ್ಳಿ. ಯಾರೋ ಒಳಗಿದ್ದಾರೆ ಎಂದು ಗೊತ್ತಾದಾಗ ಗಂಡಸೇ ಇರಬೇಕು ಎಂದುಕೊಂಡು ಆಯುಧ ಹಿಡಿದು ಹೋಗುತ್ತಾನೆ. ಗಂಡಸಾಗಿದ್ದರೆ ಕೂಡಲೇ ಕೆಲಸ ಮುಗಿಸುತ್ತಿದ್ದ ಎಂದು ಕಥೆಯೇ ಹೇಳುತ್ತದೆ. ಹುಡುಗಿ ಕಂಡದ್ದಕ್ಕೆ ತಡವಾಯಿತು, ಅಣ್ಣನ ಜೊತೆ ರೇಡಿಯೋದಲ್ಲಿ ಮಾತಾಡಲು ಸಮಯ ಸಿಕ್ಕಿತು. ಲೆಕ್ಕಕ್ಕೆ ಗಂಡು ಹೆಣ್ಣು ಇಲ್ಲ. ಕಥೆಗಾರನಿಗೆ ಇದೆ. ನಿಷ್ಕರುಣಿ ಲೆಕ್ಕದ ಬಗ್ಗೆ ಹೇಳಲು ಹೊರಟ ಕಥೆ ನಮ್ಮ ಕಣ್ಣೀರಿಗಾಗಿ ಬಲಿಯನ್ನು ಆರಿಸಿಕೊಂಡಿದೆ.

ಇನ್ನೊಂದು ತಕರಾರು. ಈ ಕಥೆಯ ಮೇಲೆ ದಶಕಗಳಿಂದ ಓದುಗರು ಎತ್ತುತ್ತಿರುವ ತಕರಾರು ಇದು. ಒಬ್ಬ ಹೆಚ್ಚಾದರೆ ಎಲ್ಲರೂ ಸಾಯುವಂಥ ನೌಕೆಯ ಬಾಗಿಲಿಗೆ ಕಾವಲು ಯಾಕಿಲ್ಲ? ಹೊರಡುವ ಮುಂಚೆ ಒಳಗೆ ಇಣುಕಿ ನೋಡಲು ಎಷ್ಟು ಹೊತ್ತು ಬೇಕು? ಬಾಗಿಲ ಮೇಲೆ ಪ್ರವೇಶವಿಲ್ಲ ಎಂದು ಬರೆದಿತ್ತು, ಸತ್ತು ಹೋಗುತ್ತೀರಿ ಎಂದು ಬರೆದಿರಲಿಲ್ಲ. ಇಂಧನದ ಲೆಕ್ಕ ಪ್ರಕೃತಿಯದ್ದು, ಒಪ್ಪೋಣ. ಅಷ್ಟೇ ಇಂಧನ ಹಾಕಿ ಎಂದು ತೀರ್ಮಾನಿಸಿದ್ದು ಯಾರೋ ಮೇಜಿನ ಹಿಂದೆ ಕೂತವರು. ಅವರು ಕಥೆಯೊಳಗೆ ಬರುವುದೇ ಇಲ್ಲ. ಕಥೆಯಲ್ಲಿ ಕಾಣದ ಆ ಪಾತ್ರವೇ ನನಗೆ ಈಗ ಮುಖ್ಯ ಎನಿಸುತ್ತದೆ. ನಿಯಮ ಯಾರ ಮೈಮೇಲೆ ಬಿತ್ತು ಎಂದು ಕೇಳಿದ ಹಾಗೆ, ನಿಯಮ ಮಾಡಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ಕಥೆ ಹೇಳಲು ಹೊರಟಿದ್ದು ಒಂದು, ಹೇಳಿದ್ದು ಇನ್ನೊಂದು ಎಂದು ತೋರಿಸುವುದೂ ವಿಶ್ಲೇಷಣೆಯೇ. ಕಥೆ ಕೆಟ್ಟದು ಎಂದು ಅದರರ್ಥ ಅಲ್ಲ. ನಾನು ಇಷ್ಟು ವರ್ಷ ಜಗಳವಾಡುತ್ತಿದ್ದೇನೆ ಎಂದರೆ ಕಥೆ ನನ್ನನ್ನು ಬಿಟ್ಟಿಲ್ಲ.

"ವಿಜ್ಞಾನ ಕಥೆಗಳಲ್ಲಿ ಪಾತ್ರಗಳು ತೀರಾ ತೆಳು, ಅವನ್ನು ವಿಶ್ಲೇಷಿಸಲು ಏನಿರುತ್ತದೆ?" ಎಂದು ಒಬ್ಬರು ಕೇಳಿದರು. ಆರೋಪದಲ್ಲಿ ಸತ್ಯವಿದೆ. ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲೇ ಒಂದೇ ಗುಣದ ಸುತ್ತ ಕಟ್ಟಿದ ಚಪ್ಪಟೆ ಪಾತ್ರ, ದುಂಡು ಪಾತ್ರ ಎಂದು ಎರಡು ಬಗೆ ಮಾಡಿದ್ದರು. ನಮ್ಮನ್ನು ನಂಬುವಂತೆ ಬೆರಗುಗೊಳಿಸಬಲ್ಲದೇ ಎಂಬುದು ದುಂಡು ಪಾತ್ರಕ್ಕೆ ಅವರ ಪರೀಕ್ಷೆ. ಬಾರ್ಟನ್ ಚಪ್ಪಟೆಯೇ. ಮರಿಲಿನ್ ಕೂಡ ಶುರುವಿನಲ್ಲಿ ಹಾಗೇ ಇರುತ್ತಾಳೆ, ಕೊನೆಯ ಒಂದು ಗಂಟೆಯಲ್ಲಿ ಬೆಳೆಯುತ್ತಾಳೆ. ಚಪ್ಪಟೆ ಪಾತ್ರ ಕಂಡರೆ ಬೈಯುವ ಮುಂಚೆ ಕಥೆಗೆ ಅದು ಸಾಕಾಗಿತ್ತೇ ಎಂದು ನೋಡಿ. ಕೆಲವು ಕಥೆಗಳಲ್ಲಿ ಬೆಳೆಯುವುದು ಲೋಕವೇ ಹೊರತು ಮನುಷ್ಯನಲ್ಲ.

"ಹಾಗಾದರೆ ಮನುಷ್ಯರೇ ಇಲ್ಲದ ಕಥೆಯಲ್ಲಿ?" ಇನ್ನೊಬ್ಬರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ರೇ ಬ್ರಾಡ್‌ಬರಿ 1950ರಲ್ಲಿ ಬರೆದ 'ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್' ಅಂಥದ್ದು. ಅಣುಬಾಂಬಿಗೆ ಊರೆಲ್ಲ ನಾಶವಾಗಿದೆ. ಎಲ್ಲ ಕೆಲಸ ತಾನೇ ಮಾಡಿಕೊಳ್ಳುವ ಒಂದು ಮನೆ ಮಾತ್ರ ಉಳಿದಿದೆ. ಅದು ಬೆಳಗ್ಗೆ ತಿಂಡಿ ಮಾಡುತ್ತದೆ, ಗಂಟೆ ಎಷ್ಟಾಯಿತು ಎಂದು ಕೂಗುತ್ತದೆ. ಕೇಳುವವರಿಲ್ಲ. ಸುಟ್ಟು ಕಪ್ಪಾದ ಹೊರಗೋಡೆಯ ಮೇಲೆ ಆ ಮನೆಯವರ ನೆರಳಿನ ಗುರುತುಗಳಿವೆ. ಹುಲ್ಲು ಕತ್ತರಿಸುತ್ತಿದ್ದ ಗಂಡಸು, ಹೂ ಕೀಳಲು ಬಗ್ಗಿದ ಹೆಂಗಸು, ಚೆಂಡಾಡುತ್ತಿದ್ದ ಹುಡುಗ ಹುಡುಗಿ, ಗಾಳಿಯಲ್ಲಿ ನಿಂತ ಚೆಂಡು.

ಇಲ್ಲಿ ಪಾತ್ರ ಯಾರು? ನನ್ನ ಮಟ್ಟಿಗೆ ಮನೆಯೇ. ಅದಕ್ಕೊಂದು ಸ್ವಭಾವವಿದೆ. ಗುಬ್ಬಿ ಕಿಟಕಿಗೆ ತಾಗಿದರೂ ಬೆಚ್ಚುತ್ತದೆ. ಶುಚಿಯ ಹುಚ್ಚು ಬೇರೆ. ಹಸಿದು ಬಂದ ನಾಯಿಗೆ ಬಾಗಿಲು ತೆಗೆಯುತ್ತದೆ, ಅದು ತಂದ ಕೆಸರಿಗೆ ಸಿಡುಕುತ್ತದೆ, ಸತ್ತ ಮೇಲೆ ಕಸದ ಹಾಗೆ ಎತ್ತಿ ಸುಡುತ್ತದೆ. ಬೆಂಕಿ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೋರಾಡುತ್ತದೆ. ತನ್ನನ್ನು ಉಳಿಸಿಕೊಳ್ಳುವ ಆಸೆ ಅದಕ್ಕೆ ಕೊಟ್ಟವರು ಅದರ ಒಡೆಯರು. ಒಡೆಯರು ಹೋದರು, ಆಸೆ ಉಳಿಯಿತು. ಮನುಷ್ಯನ ಪಾತ್ರ ಇಲ್ಲವೆಂದಲ್ಲ, ಅವನ ಅಭ್ಯಾಸಗಳ ರೂಪದಲ್ಲಿ ಮನೆಯೊಳಗೆ ಓಡಾಡುತ್ತಿದೆ. ಆ ನಾಲ್ವರನ್ನು ಒಮ್ಮೆಯೂ ಕಾಣದೆಯೇ ಅವರ ಬದುಕು ಹೇಗಿತ್ತು ಎಂದು ಒಂದು ಪುಟ ಬರೆಯಬಹುದು. ಬರೆದು ನೋಡಿ, ಚೆನ್ನಾದ ಅಭ್ಯಾಸ.

ಬರೆಯುವ ಮಾತು ಬಂದಿದ್ದರಿಂದ ಒಂದೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಆಶಯವನ್ನು ಒಂದು ಪದದಲ್ಲಿ ಬರೆಯಬೇಡಿ. 'ಒಂಟಿತನ' ಎಂಬುದು ಆಶಯವಲ್ಲ, ಅದು ಕಪಾಟಿನ ಮೇಲೆ ಅಂಟಿಸುವ ಚೀಟಿ. ವಾಕ್ಯ ಬರೆಯಿರಿ, ಅದರೊಳಗೆ ಒಂದು 'ಆದರೆ' ಇರಲಿ. ಎಲ್ಲರ ಜೊತೆ ಸೇರಲು ಚಾರ್ಲಿ ಜಾಣನಾದ, ಆದರೆ ಜಾಣನಾದದ್ದೇ ಅವನನ್ನು ಒಂಟಿ ಮಾಡಿತು. ಹೀಗೆ ಬರೆದಾಗ ಆ ವಾಕ್ಯ ಬೇರೆ ಕಥೆಗೆ ಹೊಂದುವುದಿಲ್ಲ. ಆಮೇಲೆ ಆ ವಾಕ್ಯಕ್ಕೆ ಕಥೆಯೊಳಗಿನ ಜಾಗ ತೋರಿಸಿ. ಯಾವ ದೃಶ್ಯ, ಯಾವ ಮಾತು, ಯಾವ ಮೌನ ಎಂದು ಹೇಳಿ. ವಿಜ್ಞಾನ ಸರಿಯಿದೆಯೇ ಎಂದು ಪರೀಕ್ಷಿಸುವುದರಲ್ಲಿ ಜಾಸ್ತಿ ಪುಟ ಕಳೆಯಬೇಡಿ. ಅಂಥ ಶಸ್ತ್ರಚಿಕಿತ್ಸೆ ಇವತ್ತಿಗೂ ಇಲ್ಲ. ಚಾರ್ಲಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗಿಯದು. "ಸರ್, ಚಾರ್ಲಿ ಮತ್ತೆ ಮೊದಲಿನ ಹಾಗೇ ಆದ. ಅಂದರೆ ಪಾತ್ರ ಬೆಳೆಯಲೇ ಇಲ್ಲ, ಅಲ್ವಾ?" ಅವತ್ತು ಗಡಿಬಿಡಿಯಲ್ಲಿ ಏನೋ ಹೇಳಿ ತಪ್ಪಿಸಿಕೊಂಡೆ. ಆ ರಾತ್ರಿ ಕಥೆಯ ಕೊನೆಯ ಪುಟಗಳನ್ನು ಮತ್ತೆ ಓದಿದೆ. ನಾನು ಕೊನೆಗೆ ಎಂದು ಇಟ್ಟುಕೊಂಡಿದ್ದ ಮಾತಿನಲ್ಲೇ ಅವಳಿಗೆ ಉತ್ತರವಿತ್ತು.

ಬುದ್ಧಿ ಇಳಿದ ಮೇಲೆ ಚಾರ್ಲಿ ಒಂದು ಸಂಜೆ ಮಿಸ್ ಕಿನಿಯನ್‌ಳ ತರಗತಿಗೆ ಹೋಗಿ, ಹಳೆಯ ಅಭ್ಯಾಸದಂತೆ ತನ್ನ ಜಾಗದಲ್ಲಿ ಕೂರುತ್ತಾನೆ. ತಾನು ಈಗ ಆ ತರಗತಿಯವನಲ್ಲ ಎಂಬುದು ಮರೆತುಹೋಗಿದೆ. ಪಾಠಕ್ಕೆ ಬಂದಿದ್ದೇನೆ ಎನ್ನುತ್ತಾನೆ. ಅವಳು ಅಳುತ್ತಾ ಹೊರಗೆ ಓಡುತ್ತಾಳೆ. ಆಗ ಅವನಿಗೆ ಶಸ್ತ್ರಚಿಕಿತ್ಸೆಯ ನೆನಪು ಬಂದು, ಅಯ್ಯೋ, ನಾನು ಚಾರ್ಲಿ ಗೋರ್ಡನ್ ಕೆಲಸ ಮಾಡಿಬಿಟ್ಟೆ ಎಂದು ಬರೆಯುತ್ತಾನೆ. ಮೊದಲ ಸಲ ಆ ಮಾತು ಬೇರೆಯವರ ಬಾಯಲ್ಲಿತ್ತು, ಅವನಿಗೆ ಅರ್ಥವಾಗಿರಲಿಲ್ಲ. ಎರಡನೇ ಸಲ ಅರ್ಥವಾಯಿತು, ನಾಚಿಕೆಯಾಯಿತು. ಈಗ ಅವನೇ ತನ್ನ ಬಗ್ಗೆ ಆಡುತ್ತಿದ್ದಾನೆ, ಸರಿಯಾದ ಜಾಗದಲ್ಲಿ ಆಡುತ್ತಿದ್ದಾನೆ. ನಾಚಿಕೆ ಇದೆಯೋ ಇಲ್ಲವೋ ಕಾಗುಣಿತ ನೋಡಿ ಹೇಳಲಾಗುವುದಿಲ್ಲ.

ಆ ಸಂಜೆಯ ನಂತರವೇ ಅವನು ಊರು ಬಿಡುವ ತೀರ್ಮಾನಕ್ಕೆ ಬರುತ್ತಾನೆ. ಮಿಸ್ ಕಿನಿಯನ್ ತನ್ನನ್ನು ನೋಡಿ ಮರುಗುವುದು ಅವನಿಗೆ ಬೇಡ. ಮೊದಲ ವರದಿ ಬರೆದ ಚಾರ್ಲಿಗೆ ಗೇಲಿಯೇ ಗೊತ್ತಾಗುತ್ತಿರಲಿಲ್ಲ. ಈ ಚಾರ್ಲಿಗೆ ಕನಿಕರವೂ ಗೊತ್ತಾಗುತ್ತದೆ. ಡಾಕ್ಟರ್ ನೆಮುರ್‌ಗೆ ಒಂದು ಬುದ್ಧಿಮಾತನ್ನೂ ಬರೆದಿಟ್ಟಿದ್ದಾನೆ. ಜನ ನಕ್ಕಾಗ ಸಿಡುಕಬೇಡಿ, ನಗಲು ಬಿಟ್ಟರೆ ಸ್ನೇಹಿತರು ಸುಲಭವಾಗಿ ಸಿಗುತ್ತಾರೆ ಎಂದು. ಅದು ಏನೂ ತಿಳಿಯದವನ ಮಾತೋ, ಎಲ್ಲ ತಿಳಿದು ಬಂದವನ ಮಾತೋ? ನಾನು ಎರಡು ರೀತಿಯಲ್ಲೂ ಓದಿ ನೋಡಿದೆ. ಎರಡೂ ನಿಲ್ಲುತ್ತವೆ.

ಅದರ ಕೆಳಗೆ, ಕಾಗದ ಮುಗಿದ ಮೇಲೆ ನೆನಪಾದವನ ಹಾಗೆ, ಸಾಧ್ಯವಾದರೆ ಹಿತ್ತಲಲ್ಲಿರುವ ಆಲ್ಜರ್ನಾನ್ ಸಮಾಧಿಯ ಮೇಲೆ ಸ್ವಲ್ಪ ಹೂ ಇಡಿ ಎಂದು ಕೇಳಿಕೊಂಡಿದ್ದಾನೆ. ತಾನು ಏನೋ ಮುಖ್ಯವಾದದ್ದು ಕಂಡುಹಿಡಿದಿದ್ದೆ ಎಂಬುದಷ್ಟೇ ಅವನಿಗೆ ನೆನಪು, ಏನೆಂದು ನೆನಪಿಲ್ಲ. ಇಲಿಯ ಹೆಸರು ಮಾತ್ರ ನೆನಪಿದೆ.